ಅಕ್ಕನ ಕಣ್ಣಿಗೆ ಹಸಿರು ಲೈಟ್: ರೋಸ್ ಬೆಂಗಾಲ್ ಥೆರಪಿ ರಿವ್ಯೂ, ಸೆಲ್ ಲ್ಯಾಬಲ್ಲಿ ಕೆಲಸ ಮಾಡೋ ತಂಗಿಯಿಂದ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಅಕ್ಕನ್ನ ಕೇಳಿದ್ರೆ ಕಣ್ಮುಚ್ಕೊಂಡು ಐದಕ್ಕೆ ಐದು ಅಂತಾಳೆ, ಅವಳ ಕಣ್ಣು ಉಳೀತು, ಅವಳು ಹಾಗಂದ್ರೆ ತಪ್ಪೇನಿಲ್ಲ. ಆದ್ರೆ ಕಣ್ಣು ಅವಳದ್ದಾದ್ರೂ ನಿದ್ದೆಗೆಟ್ಟಿದ್ದು ನಾನು, ಅದಕ್ಕೆ ರಿವ್ಯೂ ನಾನೇ ಬರೀತಿದೀನಿ. ನಾನು ಕೆಲಸ ಮಾಡೋದು ಸೆಲ್ ಕಲ್ಚರ್ ಲ್ಯಾಬಲ್ಲಿ, ಇದೇ ಗುಲಾಬಿ ಬಣ್ಣ ಹಾಕಿ ಇದೇ ಹಸಿರು ಲೈಟನ್ನ ಮನುಷ್ಯರ ಕಾರ್ನಿಯಾ (ಕಣ್ಣಿನ ಮುಂದಿರೋ ಪಾರದರ್ಶಕ ಪದರ) ಸೆಲ್‌ಗಳ ಮೇಲೆ ಬಿಟ್ಟು, ಮಾರನೇ ದಿನ ಎಷ್ಟು ಸತ್ತೋದ್ವು ಎಷ್ಟು ಉಳ್ಕೊಂಡ್ವು ಅಂತ ನೋಡೋದೇ ನನ್ನ ಕೆಲಸ. ಹಂಗಾಗಿ ಡಾಕ್ಟ್ರು "ಲೈಟ್ ಥೆರಪಿ ಮಾಡೋಣ" ಅಂದಾಗ ಅಕ್ಕ ಹೂಂ ಅಂದ್ಲು, ನಂಗೆ ಮಾತ್ರ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು. ಆಸ್ಪತ್ರೆ ಹೆಸರು ಹಾಕಲ್ಲ, ಕೇಳ್ಬೇಡಿ. ಇದು ಆ ಟ್ರೀಟ್‌ಮೆಂಟಿನ ರಿವ್ಯೂ, ಬಿಲ್ಡಿಂಗಿಂದಲ್ಲ.

ಅಕ್ಕನಿಗೆ ಆಗಿದ್ದು ಫಂಗಸ್ ಹುಣ್ಣು. ಗಿಡ ಕತ್ತರಿಸ್ತಿದ್ದಾಗ ಒಂದು ಎಲೆ ತುದಿ ಪಟ್ ಅಂತ ಕಣ್ಣಿಗೆ ಹೊಡೀತು, ಉಜ್ಜಿಕೊಂಡ್ಲು, ನೀರು ಹಾಕ್ಕೊಂಡ್ಲು, ಮರೆತ್ಲು. ಎರಡು ದಿನಕ್ಕೆ ಕಣ್ಣೊಳಗೆ ಮರಳು ಬಿದ್ದ ಹಾಗೆ ಅಂದ್ಲು, ಮನೇಲಿ ಯಾವಾಗಿಂದೋ ಉಳಿದಿದ್ದ ಡ್ರಾಪ್ಸ್ ತಗೊಂಡು ಬಿಟ್ಕೊಂಡ್ಲು, ಅದ್ರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಆಮೇಲೆ ಬಾಟ್ಲಿ ಓದಿದಾಗ ಗೊತ್ತಾಗಿದ್ದು. ಫಂಗಸ್ಸಿಗೆ ಸ್ಟೀರಾಯ್ಡ್ ಅಂದ್ರೆ ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ, ಕೆಂಪು ಕಮ್ಮಿ ಆಗಿ ಹಿತ ಅನ್ಸುತ್ತೆ, ಒಳಗೆ ಅದು ಆರಾಮಾಗಿ ಬೆಳೀತಾ ಇರುತ್ತೆ. ವಾರ ಆಗೋಷ್ಟರಲ್ಲಿ ಕರಿಗುಡ್ಡೆ ಮೇಲೆ ಬೂದು ಬಣ್ಣದ ಚುಕ್ಕೆ, ಅಂಚೆಲ್ಲ ಹಕ್ಕಿ ಪುಕ್ಕದ ಥರ ಹರಡಿಕೊಂಡಿದ್ದು. ಕೆರೆದು ಸ್ಲೈಡ್ ಮೇಲೆ ಹಾಕಿದ್ರೆ ಕವಲೊಡೆದ ನೂಲು ನೂಲು, ಕಲ್ಚರಲ್ಲಿ ಫ್ಯುಸೇರಿಯಂ ಅನ್ನೋ ಫಂಗಸ್ ಬಂತು.

ನ್ಯಾಟಾಮೈಸಿನ್ 5% ಡ್ರಾಪ್ಸ್ ಗಂಟೆಗೊಂದು ಸಲ, ಮೊದಲ ಕೆಲವು ದಿನ ರಾತ್ರಿನೂ ಬಿಡೋ ಹಾಗಿಲ್ಲ. ಫ್ಯುಸೇರಿಯಂಗೆ ಇದೇ ಒಳ್ಳೇ ಮದ್ದು, ಅದ್ರಲ್ಲಿ ನಂಗೆ ಅನುಮಾನ ಇಲ್ಲ, ವೊರಿಕೊನಜೋಲ್ ಅನ್ನೋ ಇನ್ನೊಂದು ಫಂಗಸ್ ಮದ್ದಿನ ಜೊತೆ ಹೋಲಿಸಿ ಮಾಡಿದ ದೊಡ್ಡ ಟ್ರಯಲಲ್ಲಿ 2013ರಲ್ಲೇ ಗೆದ್ದಿದ್ದು ನ್ಯಾಟಾಮೈಸಿನ್ನೇ. ಆದ್ರೆ ಅದು ಸುಣ್ಣದ ನೀರಿನ ಥರ ಬಿಳೀ ದ್ರಾವಣ, ರೆಪ್ಪೆಗೂದಲಿಗೆಲ್ಲ ಅಂಟ್ಕೊಂಡು ಒಣಗಿ ಗಟ್ಟಿಯಾಗುತ್ತೆ, ಕಾರ್ನಿಯಾ ಒಳಗೆ ಇಳಿಯೋದು ಅಷ್ಟಕ್ಕಷ್ಟೇ. ಹದಿನಾರು ದಿನ ಆದ್ರೂ ಹುಣ್ಣು ಒಂದು ಕೂದಲೆಳೆಯಷ್ಟು ಚಿಕ್ಕದಾಗ್ಲಿಲ್ಲ. ಇದು ಕೇಳದೇ ಹೋದ್ರೆ ಮುಂದಿನ ದಾರಿ ಸೋಂಕಿರೋ ಕಣ್ಣಿಗೇ ಕಾರ್ನಿಯಾ ಕಸಿ, ಅದು ಯಾರಿಗೂ ಬೇಡ, ಡಾಕ್ಟರಿಗಂತೂ ಬೇಡವೇ ಬೇಡ. ಹಂಗಾಗಿ ಮಧ್ಯದ ಮೆಟ್ಟಿಲು ಅಂತ ಇದು ಬಂತು.

ಏನಿದು ಅಂದ್ರೆ, ರೋಸ್ ಬೆಂಗಾಲ್ ಅನ್ನೋ ಒಂದು ಬಣ್ಣ, ಅದರ ಮೇಲೆ ಹಸಿರು ಲೈಟ್, ಅಷ್ಟೇ. ಬಣ್ಣ ಹೊಸದೇನಲ್ಲ, 1882ರಲ್ಲಿ ಬಟ್ಟೆಗೆ ಹಾಕೋ ಡೈ ಅಂತ ತಯಾರಾಗಿದ್ದು, ಆಮೇಲೆ ಕಣ್ಣಿನ ಡಾಕ್ಟ್ರು ಒಣ ಕಣ್ಣು ಪರೀಕ್ಷೆ ಮಾಡೋಕೆ ದಶಕಗಟ್ಟಲೆ ಬಳಸಿದ್ರು. ಇದರ ಒಂದೊಂದು ಅಣುವಿನ ಮೇಲೂ ನಾಲ್ಕು ಅಯೋಡಿನ್ ಕೂತಿದೆ, ನಾಲ್ಕು ಕ್ಲೋರಿನ್ನೂ ಇದೆ, ಆ ಭಾರದ ಅಯೋಡಿನ್ನಿನಿಂದಾನೇ ಇದಕ್ಕೆ ಈ ಗುಣ ಬಂದಿರೋದು. ಹಸಿರು ಬೆಳಕು ಬಿದ್ರೆ ಅದನ್ನ ನುಂಗ್ಕೊಂಡು, ಆ ಶಕ್ತಿನ ಪಕ್ಕದಲ್ಲಿರೋ ಆಕ್ಸಿಜನ್ನಿಗೆ ದಾಟಿಸುತ್ತೆ, ಆಕ್ಸಿಜನ್ ರೊಚ್ಚಿಗೇಳುತ್ತೆ. ಸಿಂಗ್ಲೆಟ್ ಆಕ್ಸಿಜನ್ ಅಂತಾರೆ. ಅದು ಎದುರು ಸಿಕ್ಕಿದ ಕೊಬ್ಬು, ಪ್ರೋಟೀನು, ಎಲ್ಲದಕ್ಕೂ ಬಾಯಿ ಹಾಕುತ್ತೆ. ಬಣ್ಣ, ಬೆಳಕು, ಗಾಳಿ ಮೂರೂ ಒಂದೇ ಜಾಗದಲ್ಲಿ ಇದ್ರೆ ಮಾತ್ರ ಕೆಲಸ, ಒಂದು ತಪ್ಪಿದ್ರೂ ಈ ಆಕ್ಸಿಜನ್ ಹುಟ್ಟಲ್ಲ. ಬಣ್ಣ ಮತ್ತು ಬೆಳಕು ಸೇರಿದ್ರೆ ಜೀವಿ ಸಾಯುತ್ತೆ ಅಂತ ಮೊದಲು ಕಂಡಿದ್ದು ಮ್ಯೂನಿಕ್‌ನ ಆಸ್ಕರ್ ರಾಬ್ ಅನ್ನೋ ವಿದ್ಯಾರ್ಥಿಗೆ, 1900ರ ಹೊತ್ತಿಗೆ, ಪ್ಯಾರಮೀಸಿಯಂ ಅನ್ನೋ ಒಂಟಿ ಸೆಲ್ಲಿನ ಜೀವಿ ಮೇಲೆ. ಅಕ್ರಿಡಿನ್ ಬಣ್ಣ ಹಾಕಿದ ಪ್ಯಾರಮೀಸಿಯಂ ಬೆಳಕಲ್ಲಿ ಬೇಗ ಸಾಯ್ತಿದ್ವು, ಕತ್ತಲಲ್ಲಿ ಬದುಕಿರ್ತಿದ್ವು. ಈಗ ನಮ್ಮ ಲ್ಯಾಬಲ್ಲಿ ನಾವು ಮಾಡೋದೂ ಅದೇ, ಪ್ಯಾರಮೀಸಿಯಂ ಬದ್ಲು ಕಾರ್ನಿಯಾ ಸೆಲ್.

ಆ ದಿನದ ಕಥೆ. ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಅಂದ್ರು, ಮಲಗಿಸಿದ್ದು ಹನ್ನೊಂದೂವರೆಗೆ. ಮರಗಟ್ಟೋ ಡ್ರಾಪ್ಸ್ ಹಾಕಿದ್ರು, ರೆಪ್ಪೆ ಮುಚ್ಚದ ಹಾಗೆ ತಂತಿ ಕ್ಲಿಪ್ ಹಾಕಿದ್ರು, ಹುಣ್ಣಿನ ಮೇಲಿನ ಮತ್ತು ಸುತ್ತಲಿನ ಮೇಲ್ಪದರ ಕೆರೆದು ತೆಗೆದ್ರು. ಆಮೇಲೆ 0.1% ರೋಸ್ ಬೆಂಗಾಲ್, ಐದು ನಿಮಿಷಕ್ಕೊಂದು ಸಲ ತೊಟ್ಟು ತೊಟ್ಟಾಗಿ, ಹೀಗೆ ಅರ್ಧ ಗಂಟೆ. ರೂಮಿನ ದೀಪ ಮಂದ ಮಾಡಿದ್ರು, ಅದನ್ನ ನೋಡಿ ನಂಗೆ ಸ್ವಲ್ಪ ಧೈರ್ಯ ಬಂತು, ಯಾಕಂದ್ರೆ ಈ ಬಣ್ಣಕ್ಕೆ ಟ್ಯೂಬ್‌ಲೈಟೂ ಲೈಟೇ. ಆಮೇಲೆ ಹಸಿರು ಎಲ್‌ಇಡಿ, ಸುಮಾರು 525 ನ್ಯಾನೋಮೀಟರು, ಚದರ ಸೆಂಟಿಮೀಟರಿಗೆ 6 ಮಿಲಿವ್ಯಾಟ್, ಹದಿನೈದು ನಿಮಿಷ. ಒಟ್ಟು ಲೆಕ್ಕ 5.4 ಜೌಲ್. ಕಣ್ಣಿನ ಬಿಳಿ ಕಪ್ಪು ಸೇರೋ ಅಂಚಿನ ಮೇಲೆ ಬೆಳಕು ಬೀಳದ ಹಾಗೆ ಒಂದು ಪುಟ್ಟ ರಿಂಗ್ ಇಟ್ರು, ಇದು ಮುಖ್ಯ, ಕೆಳಗೆ ಹೇಳ್ತೀನಿ.

ನಾನು ಗಾಜಿನ ಆಚೆ ನಿಂತು ನೋಡ್ತಿದ್ದೆ. ಗುಲಾಬಿ ಬಣ್ಣ ತುಂಬಿದ ಕಣ್ಣಿನ ಮೇಲೆ ಹಸಿರು ಬಿದ್ರೆ ಅದು ಗುಲಾಬಿಯಾಗಿ ಕಾಣಲ್ಲ ಗೊತ್ತಾ, ಹೆಚ್ಚುಕಮ್ಮಿ ಕಪ್ಪಾಗಿ ಕಾಣುತ್ತೆ, ಹಸಿರನ್ನೆಲ್ಲ ಬಣ್ಣ ಕುಡೀತಾ ಇರುತ್ತಲ್ಲ. ಪ್ಲೇಟಲ್ಲಿ ಸಾವಿರ ಸಲ ನೋಡಿದೀನಿ ಆ ಕಪ್ಪನ್ನ. ಅಕ್ಕನ ಮುಖದ ಮೇಲೆ ನೋಡಿದ್ದು ಮೊದಲ ಸಲ.

ಹೊರಗೆ ಬಂದವಳೇ "ಲೇ, ಎಲ್ಲ ಗುಲಾಬಿ ಕಾಣ್ತಿದೆ ಕಣೇ" ಅಂದ್ಲು. ಅರ್ಧ ಬಣ್ಣದ್ದು, ಅರ್ಧ ಹದಿನೈದು ನಿಮಿಷ ಹಸಿರನ್ನೇ ನೋಡಿ ಸುಸ್ತಾದ ಕಣ್ಣಿಂದು ಅಂತ ಹೇಳಿದೆ. "ನಿಂಗೆ ಎಲ್ಲದಕ್ಕೂ ಒಂದು ಉತ್ತರ ಇರುತ್ತೆ, ನಂಗೆ ನೋವಿನ ಮಾತ್ರೆ ಎಲ್ಲಿ ಹೇಳು" ಅಂದ್ಲು.

ಈಗ ನನ್ನ ಹೆದರಿಕೆ ವಿಷಯಕ್ಕೆ ಬರ್ತೀನಿ, ರಿವ್ಯೂ ಬರೀಬೇಕು ಅನ್ಸಿದ್ದೇ ಇದಕ್ಕೆ. ಲ್ಯಾಬಲ್ಲಿ ನಾವು 96 ಗುಳಿಯ ಪ್ಲೇಟಲ್ಲಿ ಸೆಲ್ ಬೆಳೆಸ್ತೀವಿ, ಒಂದಷ್ಟು ಮೇಲ್ಪದರದ ಸೆಲ್ಲು, ಒಂದಷ್ಟು ಕೆರಾಟೋಸೈಟ್ ಅಂದ್ರೆ ಕಾರ್ನಿಯಾದ ದಪ್ಪ ಭಾಗದ ಒಳಗೆ ಇರೋ ಸೆಲ್ಲು, ಕಸಿ ಮಾಡಿದ ಮೇಲೆ ದಾನದ ಕಾರ್ನಿಯಾದಲ್ಲಿ ಉಳಿಯೋ ಅಂಚಿನ ರಿಂಗಿಂದ ತೆಗೀತೀವಿ. ನಾಲ್ಕು ಗುಂಪು ಮಾಡ್ತೀವಿ, ಏನೂ ಹಾಕದ್ದು, ಬರೀ ಬಣ್ಣ ಹಾಕಿ ಕತ್ತಲಲ್ಲಿ ಇಟ್ಟಿದ್ದು, ಬರೀ ಲೈಟ್ ಬಿಟ್ಟಿದ್ದು, ಎರಡೂ ಮಾಡಿದ್ದು. ಬರೀ ಹಸಿರು ಲೈಟಿಗೆ ಸೆಲ್‌ಗಳು ಕ್ಯಾರೇ ಅನ್ನಲ್ಲ. ಬರೀ ಬಣ್ಣಕ್ಕೆ ಕಮ್ಮಿ ಸಾಂದ್ರತೆಯಲ್ಲಿ ತಡ್ಕೊಳ್ತವೆ, ಜಾಸ್ತಿ ಮಾಡಿದ್ರೆ ಕತ್ತಲಲ್ಲೂ ಸೊರಗ್ತವೆ, ರೋಸ್ ಬೆಂಗಾಲ್ ಪೂರ್ತಿ ಸಾಧು ಬಣ್ಣ ಅಲ್ಲ. ಎರಡೂ ಸೇರಿಸಿದ್ರೆ ಮಾತ್ರ ಸಂತೆ ಮುಗಿದ ಬಯಲು. ನಮ್ಮ ಪ್ಲೇಟಲ್ಲಿ ಕ್ಲಿನಿಕ್ಕಿನ ಬಣ್ಣದ ನೂರರಲ್ಲಿ ಒಂದು ಭಾಗ, ಅಂದ್ರೆ 0.001% ಹಾಕಿ ಅದೇ 5.4 ಜೌಲ್ ಕೊಟ್ರೆ, ಸಂಜೆ ಹೊತ್ತಿಗೆ ನೂಲೋ ಕದಿರಿನ ಥರ ಉದ್ದುದ್ದ ಚಾಚಿಕೊಂಡು ಮಲಗಿದ್ದ ಕೆರಾಟೋಸೈಟ್‌ಗಳು ಬೆಳಗ್ಗೆ ಬರೋಷ್ಟರಲ್ಲಿ ಗುಂಡಗಾಗಿ ತಳ ಬಿಟ್ಟು ತೇಲ್ತಿರ್ತವೆ, ಪ್ಲೇಟ್ ಸ್ವಲ್ಪ ಅಲ್ಲಾಡಿಸಿದ್ರೆ ಸಾಕು ಗುಳಿ ಮಧ್ಯಕ್ಕೆ ಬಂದು ಗುಡ್ಡೆ ಹಾಕ್ತವೆ.

ನೂರರಲ್ಲಿ ಒಂದು ಭಾಗಕ್ಕೇ ಹೀಗೆ. ಅಕ್ಕನಿಗೆ ಹಾಕಿದ್ದು ಅದರ ನೂರರಷ್ಟು.

ಹಿಂದಿನ ರಾತ್ರಿ ಅಕ್ಕನ ಮುಂದೆ ಬಾಯಿ ಬಿಟ್ಟುಬಿಟ್ಟಿದ್ದೆ, "ಅಕ್ಕ, ಫಂಗಸ್ ಜೊತೆ ನಿನ್ನ ಸೆಲ್ಲೂ ಸಾಯ್ತವೆ" ಅಂತ. ಅವಳು "ಎಷ್ಟು ಇವೆ ನನ್ನ ಹತ್ರ?" ಅಂದ್ಲು. ತಮಾಷೆಗೆ ಕೇಳಿದ್ದು, ಆದ್ರೆ ಕೇಳಬೇಕಾದ ಪ್ರಶ್ನೆನೇ ಅದು. ಎಷ್ಟು ಇವೆ, ಎಲ್ಲಿ ಇವೆ, ಹೋದವು ವಾಪಸ್ ಬರ್ತವಾ.

ಕಾರ್ನಿಯಾ ಅಂದ್ರೆ ಒಟ್ಟು ಅರ್ಧ ಮಿಲಿಮೀಟರ್ ದಪ್ಪ, ಮಧ್ಯದಲ್ಲಿ 540 ಮೈಕ್ರಾನ್ ಆಸುಪಾಸು. ಮೇಲೆ 50 ಮೈಕ್ರಾನಿನ ಮೇಲ್ಪದರ, ಅದು ಹೆಂಗೂ ವಾರ ಹತ್ತು ದಿನಕ್ಕೊಂದು ಸಲ ಪೂರ್ತಿ ಬದಲಾಗ್ತಿರುತ್ತೆ, ಮತ್ತೆ ಇಲ್ಲಿ ಅದನ್ನ ಡಾಕ್ಟ್ರೇ ಮೊದಲು ಕೆರೆದು ಹಾಕಿರ್ತಾರೆ, ಅದಕ್ಕೆ ಅಳೋದ್ರಲ್ಲಿ ಅರ್ಥ ಇಲ್ಲ. ಅದನ್ನ ಮತ್ತೆ ಬೆಳೆಸೋ ಬೀಜದ ಸೆಲ್ಲು ಇರೋದು ಅಂಚಲ್ಲಿ, ಲಿಂಬಸ್ ಅಂತಾರೆ, ಅದಕ್ಕೇ ಆ ಪುಟ್ಟ ರಿಂಗ್ ಮುಖ್ಯ ಅಂದಿದ್ದು. ಬೆಳೆ ಸುಟ್ರೂ ಬಿತ್ತನೆ ಬೀಜ ಸುಡಬಾರ್ದು. ಮಧ್ಯದ ದಪ್ಪ ಭಾಗದಲ್ಲಿ ಕೆರಾಟೋಸೈಟು, ಇವು ಸತ್ರೆ ಸುತ್ತಮುತ್ತಲಿಂದ ಮತ್ತೆ ಬಂದು ತುಂಬ್ಕೊಳ್ತವೆ, ತಿಂಗಳುಗಳು ಹಿಡಿಯುತ್ತೆ. ಕಟ್ಟಕಡೆಗೆ ಒಳಗೋಡೆಗೆ ಒಂದೇ ಒಂದು ಸಾಲು ಎಂಡೋಥೀಲಿಯಂ, ಇದೇ ದಿನವಿಡೀ ನೀರು ಪಂಪ್ ಮಾಡಿ ಕಾರ್ನಿಯಾ ತಿಳಿಯಾಗಿ ಇಡೋದು. ದೊಡ್ಡವರಲ್ಲಿ ಚದರ ಮಿಲಿಮೀಟರಿಗೆ ಎರಡೂವರೆ ಮೂರು ಸಾವಿರ ಇರ್ತವೆ, ಮನುಷ್ಯರಲ್ಲಿ ಇವು ಸತ್ರೆ ಹೊಸವು ಹುಟ್ಟಲ್ಲ, ಪಕ್ಕದವು ಅಗಲವಾಗಿ ಹರಡ್ಕೊಂಡು ಜಾಗ ಮುಚ್ತವೆ ಅಷ್ಟೇ, ತೀರಾ ಕಮ್ಮಿ ಆದ್ರೆ ಕಾರ್ನಿಯಾ ಊದಿ ಮಬ್ಬಾಗುತ್ತೆ. ನಾನು ಹೆದರಿದ್ದೆಲ್ಲ ಈ ಕೊನೇ ಸಾಲಿಗೆ.

ಪ್ಲೇಟ್ ನೋಡಿ ಕಣ್ಣಿನ ಲೆಕ್ಕ ಹಾಕೋದು ಎಷ್ಟು ಪೆದ್ದುತನ ಅಂತ ನಂಗೆ ಅರ್ಥ ಆಗಿದ್ದೂ ಇಲ್ಲೇ, ಇಷ್ಟು ವರ್ಷ ಅದನ್ನೇ ಮಾಡ್ಕೊಂಡು ಬಂದವಳಿಗೆ. ಪ್ಲೇಟಲ್ಲಿ ಸೆಲ್‌ಗಳು ಬೆತ್ತಲೆ. ಬೆಳಕು ಬಿಡೋ ಮುಂಚೆ ಮೀಡಿಯಂ, ಅಂದ್ರೆ ಸೆಲ್ ಬೆಳೆಸೋ ದ್ರವ, ತೆಗೆದು ಬರೀ ಉಪ್ಪುನೀರು ಹಾಕ್ತೀವಿ, ಯಾಕಂದ್ರೆ ಮೀಡಿಯಮ್ಮಲ್ಲಿರೋ ಫೀನಾಲ್ ರೆಡ್ ಅನ್ನೋ ಕೆಂಪು ಬಣ್ಣವೇ ಹಸಿರನ್ನ ಕದೀತದೆ, ಅದಕ್ಕೆ ಸೇರಿಸೋ ಸೀರಂ ಇದ್ರೆ ಅದರ ಆಲ್ಬುಮಿನ್ ಅನ್ನೋ ಪ್ರೋಟೀನ್ ಬಂದು ರೋಸ್ ಬೆಂಗಾಲನ್ನ ತಬ್ಕೊಂಡು ಸೆಲ್ಲಿಗೆ ತಾಗೋಕೇ ಬಿಡಲ್ಲ. ನಾನು ಸೇರಿದ ಹೊಸದ್ರಲ್ಲಿ ಒಂದ್ಸಲ ಸೀರಂ ತೊಳೆಯೋದು ಮರೆತು ಲೈಟ್ ಬಿಟ್ಟಿದ್ದೆ, ಮಾರನೇ ದಿನ ಸೆಲ್ಲೆಲ್ಲ ಮದುವೆಮನೇಲಿ ಉಂಡು ಮಲಗಿದ ನೆಂಟರ ಥರ ಆರಾಮಾಗಿದ್ವು, ಲೈಟೇ ಕೆಟ್ಟಿದೆ ಅಂತ ಮೂರು ದಿನ ಲೈಟ್ ರಿಪೇರಿ ಮಾಡ್ತಾ ಕೂತಿದ್ದೆ. ಅಂದ್ರೆ ಏನು, ಪ್ರೋಟೀನ್ ಒಂಚೂರು ಇದ್ರೂ ಆಟವೇ ಬೇರೆ. ಕಣ್ಣಲ್ಲಿ ಪ್ರೋಟೀನಿಗೆ ಏನು ಬರ? ಕಾರ್ನಿಯಾದ ದಪ್ಪ ಭಾಗ ಪೂರ್ತಿ ಕೊಲ್ಯಾಜನ್ ನಾರಿನ ಅಡಕು, ರೋಸ್ ಬೆಂಗಾಲ್ ಆ ನಾರಿಗೆ ಅಂಟ್ಕೊಂಡು ಮೇಲಿನ ಸುಮಾರು 100 ಮೈಕ್ರಾನಲ್ಲೇ ನಿಂತ್ಬಿಡುತ್ತೆ, ಕೆಳಗಿಳಿಯಲ್ಲ. ಹಸಿರು ಬೆಳಕನ್ನೂ ಅಲ್ಲೇ ಕುಡಿದು ಮುಗಿಸುತ್ತೆ. ಹುಟ್ಟಿದ ಸಿಂಗ್ಲೆಟ್ ಆಕ್ಸಿಜನ್ನಿಗೆ ನೀರಲ್ಲಿ ಆಯಸ್ಸು ಕೆಲವೇ ಮೈಕ್ರೋಸೆಕೆಂಡು, ಒಂದು ಸೆಲ್ಲಿನ ಉದ್ದಕ್ಕೂ ಓಡೋಕಾಗಲ್ಲ, ಹುಟ್ಟಿದ ಕೇರಿಯಲ್ಲೇ ಕಚ್ಚಾಡಿ ಅಲ್ಲೇ ಸಾಯುತ್ತೆ. ಬಣ್ಣ ಮುಟ್ಟದ ಜಾಗದಲ್ಲಿ ಹಾನಿನೂ ಇಲ್ಲ. ಎಂಡೋಥೀಲಿಯಂ ಬಚಾವ್ ಆಗೋದು ಅದು ಗಟ್ಟಿಯಾಗಿದೆ ಅಂತಲ್ಲ, ದೂರ ಇದೆ ಅಂತ. ಅದೇ ಎಂಡೋಥೀಲಿಯಲ್ ಸೆಲ್ ತಗೊಂಡು ಪ್ಲೇಟಲ್ಲಿ ಇಟ್ಟು ಬಣ್ಣ ಲೈಟ್ ಎರಡೂ ಬಿಟ್ರೆ ಅದೂ ಸಾಯುತ್ತೆ, ಬೇರೆ ಸೆಲ್ ಥರಾನೇ.

ಆದ್ರೆ ಬ್ರೋಶರಲ್ಲಿ "ಸೂಕ್ಷ್ಮಾಣುಗಳನ್ನು ಮಾತ್ರ ಕೊಲ್ಲುತ್ತದೆ" ಅಂತ ಬರೆದಿದ್ರಲ್ಲ, ಅದಕ್ಕೆ ಅರ್ಧ ಸ್ಟಾರ್ ಕಟ್. ಈ ಬೆಳಕಿಗೆ ನಮ್ಮವರು ಯಾರು ಪರರು ಯಾರು ಅನ್ನೋದು ಗೊತ್ತಾಗಲ್ಲ ಸ್ವಾಮಿ. ಮೇಲಿನ ಆ ನೂರು ಮೈಕ್ರಾನಲ್ಲಿ ಫಂಗಸ್ ಹೇಗೆ ಸಾಯುತ್ತೋ ಕೆರಾಟೋಸೈಟೂ ಹಾಗೇ ಸಾಯುತ್ತೆ. ನಮಗಿರೋ ಲಾಭ ಒಂದೇ, ನಮ್ಮ ಸೆಲ್ಲು ಪಕ್ಕದಿಂದ ಮತ್ತೆ ಬರುತ್ತೆ, ಫಂಗಸ್ ಬರಬಾರ್ದು ಅಂತ ಡ್ರಾಪ್ಸ್ ಮುಂದುವರಿಸ್ತೀವಿ. ಇಷ್ಟನ್ನ ನೇರವಾಗಿ ಹೇಳಿದ್ರೆ ಯಾರೂ ಓಡಿಹೋಗ್ತಿರ್ಲಿಲ್ಲ.

ಇನ್ನೊಂದು, ಆ ನೂರು ಮೈಕ್ರಾನ್ ಗೆರೆ ಎರಡು ಕಡೆಗೂ ಕುಯ್ಯೋ ಕತ್ತಿ. ಒಳಗಿನ ಸೆಲ್ ಉಳಿಸೋ ಆಳವೇ ಒಳಗಿನ ಫಂಗಸ್ಸನ್ನೂ ಉಳಿಸುತ್ತೆ. ಹುಣ್ಣು ಆಳಕ್ಕೆ ಇಳಿದಿದ್ರೆ ಲೈಟ್ ಮೇಲ್ಗಡೆ ಗುಡಿಸಿ ಬರುತ್ತೆ, ಕೆಳಗಿರೋದು ನಗ್ತಾ ಕೂತಿರುತ್ತೆ. ಅಕ್ಕಂದು ಸ್ಕ್ಯಾನಲ್ಲಿ ಮುಂಭಾಗದ ಮೂರನೇ ಒಂದು ಭಾಗದಲ್ಲೇ ಇತ್ತು, ಉಳಿದ ದಪ್ಪ ಎಷ್ಟಿದೆ ಅಂತಾನೂ ಅಳೆದು ಆಮೇಲೇ ಒಪ್ಕೊಂಡ್ರು, ಯಾಕಂದ್ರೆ ಹುಣ್ಣು ಕೊರೆದು ಕಾರ್ನಿಯಾ ತೆಳ್ಳಗಾಗಿದ್ರೆ ಆ ನೂರು ಮೈಕ್ರಾನ್ ಲೆಕ್ಕ ಶುರುವಾಗೋದೇ ಹುಣ್ಣಿನ ತಳದಿಂದ. ಇದನ್ನ ಅಳೆಯದೇ ಲೈಟ್ ಹಿಡೀತೀವಿ ಅನ್ನೋರ ಹತ್ರ ಮಲಗಬೇಡಿ.

ಕೆಲವರು ಕೇಳ್ತಾರೆ, ಇದು ಆ ವಿಟಮಿನ್ ಹಾಕಿ ಯುವಿ ಬಿಡೋ ಕ್ರಾಸ್‌ಲಿಂಕಿಂಗ್ ಅಲ್ವಾ ಅಂತ. ಅಲ್ಲ, ದಾಯಾದಿ. ಅದು ರೈಬೋಫ್ಲೇವಿನ್, 365ರಿಂದ 370 ನ್ಯಾನೋಮೀಟರ್ ಯುವಿ, ಕೆರಾಟೋಕೋನಸ್ ಅಂದ್ರೆ ಕಾರ್ನಿಯಾ ಸಡಿಲಾಗಿ ಮೂತಿ ಬರೋ ಕಾಯಿಲೆಗೆ 2003ರಲ್ಲಿ ಡ್ರೆಸ್ಡೆನ್‌ನವರು ಪ್ರಕಟಿಸಿದ್ದು. ಅದ್ರಲ್ಲೂ ಒಟ್ಟು 5.4 ಜೌಲೇ, ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್ ಅರ್ಧ ಗಂಟೆ. ಆದ್ರೆ ರೈಬೋಫ್ಲೇವಿನ್ ಚಿಕ್ಕ ಅಣು, ಸಲೀಸಾಗಿ ಆಳಕ್ಕಿಳಿಯುತ್ತೆ, ಕೆರಾಟೋಸೈಟ್‌ಗಳು ಸುಮಾರು 300 ಮೈಕ್ರಾನ್ ಆಳದವರೆಗೂ ಸಾಯ್ತವೆ, ಅದಕ್ಕೇ ಕನಿಷ್ಠ 400 ಮೈಕ್ರಾನ್ ದಪ್ಪ ಇರಬೇಕು ಅಂತ ನಿಯಮ ಮಾಡಿರೋದು, ಇಲ್ಲಾಂದ್ರೆ ಒಳಗೋಡೆಗೆ ಪೆಟ್ಟು. ಸೆಲ್ ಲೆಕ್ಕದಲ್ಲಿ ನೋಡಿದ್ರೆ ನಂಗೆ ಹಸಿರೇ ವಾಸಿ. ಫಂಗಸ್ ಲೆಕ್ಕದಲ್ಲೂ, ಯಾಕಂದ್ರೆ ಫ್ಯುಸೇರಿಯಂ, ಆಸ್ಪರ್ಜಿಲಸ್, ಕ್ಯಾಂಡಿಡಾ ಮೂರು ಫಂಗಸ್ಸನ್ನೂ ಅಗಾರ್ ತಟ್ಟೆಯಲ್ಲಿ ಇಟ್ಟು ನೋಡಿದಾಗ ರೋಸ್ ಬೆಂಗಾಲ್ ಬೆಳವಣಿಗೆ ನಿಲ್ಲಿಸ್ತು, ರೈಬೋಫ್ಲೇವಿನ್ ನಿಲ್ಲಿಸ್ಲಿಲ್ಲ. ಫಂಗಸ್ ಹುಣ್ಣಿಗೆ ರೈಬೋಫ್ಲೇವಿನ್ ಯುವಿ ಸೇರಿಸಿ ರೋಗಿಗಳ ಮೇಲೆ ಮಾಡಿದ ಟ್ರಯಲ್ 2020ರಲ್ಲಿ ಬಂತು, 111 ಜನ, ಉಪಯೋಗ ಕಾಣ್ಲಿಲ್ಲ, ದೃಷ್ಟಿ ಸ್ವಲ್ಪ ಕೆಟ್ಟಿದ್ದೇ ಬಂತು. ಹಂಗಾಗಿ "ಯಾವ್ದೋ ಒಂದು ಲೈಟ್, ಎಲ್ಲ ಒಂದೇ" ಅನ್ನೋ ಮಾತು ನಂಬಬೇಡಿ.

ಹಾಗಂತ ಹಸಿರು ಲೈಟ್ ದೇವರೂ ಅಲ್ಲ. ಮಯಾಮಿಯ ಬ್ಯಾಸ್ಕಮ್ ಪಾಮರ್ ಸಂಸ್ಥೆಯವರು ಮುಂಚೂಣಿಯಲ್ಲಿ ಬೆಳೆಸಿದ್ದು, 2019ರಲ್ಲಿ 18 ಕಣ್ಣುಗಳ ವರದಿ ಕೊಟ್ರು, ಮದ್ದು ಕೇಳದ ಕೇಸುಗಳೇ, ಅದರಲ್ಲಿ 72% ಕಣ್ಣುಗಳಿಗೆ ತುರ್ತು ಕಸಿ ತಪ್ತು. ಕೇಳೋಕೆ ಚೆನ್ನಾಗಿದೆ, ಆದ್ರೆ ಲೈಟ್ ಬಿಡದ ಇನ್ನೊಂದು ಗುಂಪು ಪಕ್ಕದಲ್ಲಿ ಇರ್ಲಿಲ್ಲ, ನನ್ನ ನಾಲ್ಕು ಗುಳಿ ಲೆಕ್ಕದಲ್ಲಿ ಹೇಳೋದಾದ್ರೆ ಒಂದೇ ಗುಳಿ ನೋಡಿದ ಹಾಗೆ. ಬ್ಯಾಕ್ಟೀರಿಯಾ ವಿಷಯದಲ್ಲೂ ಹಂಗೇ, ಗ್ರಾಮ್ ಪಾಸಿಟಿವ್ ಜಾತಿಯವು ಸುಲಭಕ್ಕೆ ಬೀಳ್ತವೆ, ಸ್ಯೂಡೋಮೊನಾಸ್ ಥರದ ಗ್ರಾಮ್ ನೆಗೆಟಿವ್ ಜಾತಿಯವಕ್ಕೆ ಹೊರಗೊಂದು ಕೋಟೆಗೋಡೆ ಇದೆ, ಋಣ ವಿದ್ಯುತ್ತಿನ ಈ ಬಣ್ಣಕ್ಕೆ ಆ ಗೋಡೆ ದಾಟೋದು ಕಷ್ಟ. ಒಳ್ಳೇದು ಏನಂದ್ರೆ ಮದ್ದಿಗೆ ಜಗ್ಗದ ಜಾತಿ ಅಂತ ಇದಕ್ಕೆ ಬೇರೆ ಇಲ್ಲ, ಒಂದೇ ಬಾಗಿಲಿಗೆ ಅಲ್ಲ ಇಡೀ ಮನೆಗೇ ಬೆಂಕಿ ಹಾಕೋದರಿಂದ ತಪ್ಪಿಸ್ಕೊಳ್ಳೋ ದಾರಿ ಕಲಿಯೋಕೆ ಅವಕ್ಕೆ ಪುರುಸೊತ್ತು ಸಿಗಲ್ಲ.

ಈಗ ದೂರು. ನೋವು. ಮೊದಲ ಎರಡು ರಾತ್ರಿ ಅಕ್ಕ ಮಲಗ್ಲಿಲ್ಲ, ಕೂತೇ ಇದ್ಲು, ಕಣ್ಣಿಗೆ ಬ್ಯಾಂಡೇಜ್ ಲೆನ್ಸ್ ಹಾಕಿದ್ರು, ಆದ್ರೂ ನೀರು ಸುರೀತಾನೇ ಇತ್ತು, ಗುಲಾಬಿ ನೀರು. ಕಾರ್ನಿಯಾ ಅಂದ್ರೆ ನರಗಳ ಗೂಡು, ಮೇಲ್ಪದರ ತೆಗೆದ್ರೆ ನರದ ತುದಿಗಳೆಲ್ಲ ಗಾಳಿಗೆ ಬಿದ್ದ ಹಾಗೆ, ನೋವು ಆಗೋದು ಸಹಜ, ಆದ್ರೆ "ಸ್ವಲ್ಪ ಕಿರಿಕಿರಿ ಇರ್ಬೋದು" ಅಂತ ಹೇಳಿ ಕಳಿಸಿದ್ರಲ್ಲ, ಅದಕ್ಕೆ ಒಂದು ಸ್ಟಾರ್ ಪೂರ್ತಿ ಕಟ್. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ರೆ ಎತ್ತಿದವರಿಗೆ ರೋಸ್ ಬೆಂಗಾಲ್ ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ, "ಕಣ್ಣಿಂದ ರಕ್ತ ಬರ್ತಿದ್ಯಾ" ಅಂತ ಕೇಳಿದ್ರು, ನಾನು ಅಲ್ಲ ಬಣ್ಣ ಅಂದೆ, "ಯಾವ ಬಣ್ಣ ಹಾಕ್ಕೊಂಡ್ರಿ" ಅಂದ್ರು. ಮೂಗು ಸೀನಿದ್ರೂ ಗುಲಾಬಿ, ಕಣ್ಣೀರಿನ ಕೊಳವೆ ಮೂಗಿಗೇ ಇಳಿಯೋದಲ್ವಾ, ಅದನ್ನ ಮೊದಲೇ ಒಂದು ಸಾಲು ಹೇಳಿದ್ರೆ ಬೆಳಗಿನ ಜಾವ ಅಕ್ಕ ಕರ್ಚೀಫ್ ನೋಡಿ ಕಿರುಚ್ಕೊಳ್ತಿರ್ಲಿಲ್ಲ. ಮನೇಲಿ ಹೊಸ ದಿಂಬಿನ ಕವರ್ ಇದ್ರೆ ಎತ್ತಿಡಿ, ಹಳೇದು ಹಾಕಿ. ಮೂರು ದಿನ ಬೆಳಕಿಗೆ ಕಣ್ಣು ಬಿಡೋಕಾಗ್ಲಿಲ್ಲ, ಪರದೆ ಎಳೆದು ಕತ್ತಲಲ್ಲೇ ಇದ್ದಿದ್ದು, ಅದು ಹೆಂಗೂ ಒಳ್ಳೇದೇ, ಬಣ್ಣ ಉಳಿದಿರೋಷ್ಟು ದಿನ ಬಿಸಿಲಿಗೆ ಹೋಗದಿದ್ರೆ ವಾಸಿ.

ಮೇಲ್ಪದರ ಮುಚ್ಚೋಕೆ ಹನ್ನೆರಡು ದಿನ ತಗೊಳ್ತು. ಪ್ಲೇಟಲ್ಲಿ ನಾನು ಮೇಲ್ಪದರದ ಸೆಲ್ ಮೇಲೆ ಗೀರು ಎಳೆದು ಬಿಟ್ರೆ ಒಂದೆರಡು ದಿನದಲ್ಲಿ ಮುಚ್ತವೆ, ನಂಗೆ ಅದೇ ತಲೇಲಿ ಇತ್ತು, ಐದನೇ ದಿನಕ್ಕೆ ಇನ್ನೂ ಮುಚ್ಚಿಲ್ಲ ಅಂದಾಗ ಬೀಜದ ಸೆಲ್ಲೇ ಹೋಯ್ತೇನೋ ಅಂತ ಕುಸಿದುಹೋಗಿದ್ದೆ. ಡಾಕ್ಟ್ರು ಹಸಿರು ಮಿಂಚೋ ಫ್ಲೋರೆಸೀನ್ ಬಣ್ಣ ಹಾಕಿ ಅಂಚಿಂದ ಒಳಗೆ ಹೆಂಗೆ ತೆವಳ್ಕೊಂಡು ಬರ್ತಿದೆ ಅಂತ ತೋರಿಸಿದ್ರು, ಸುತ್ತಲಿಂದಲೂ ಬರ್ತಿತ್ತು, ಎಲ್ಲೂ ಗ್ಯಾಪ್ ಇರ್ಲಿಲ್ಲ. ಈ ಡಾಕ್ಟ್ರ ತಾಳ್ಮೆಗೆ ಮಾತ್ರ ಪೂರ್ತಿ ಮಾರ್ಕ್ಸ್, ನನ್ನ ಥರದ ಅರೆಬೆಂದ ಜ್ಞಾನದವರನ್ನ ಸಂಭಾಳಿಸೋದು ರೋಗಿ ಸಂಭಾಳಿಸೋದಕ್ಕಿಂತ ಕಷ್ಟ.

ಫಂಗಸ್ ವಿಷಯಕ್ಕೆ ಬಂದ್ರೆ, ಲೈಟ್ ಆಗಿ ಒಂಬತ್ತನೇ ದಿನಕ್ಕೆ ಆ ಪುಕ್ಕದ ಥರದ ಅಂಚು ಮೊಂಡಾಯ್ತು, ಅಲ್ಲಿಂದ ಚಿಕ್ಕದಾಗ್ತಾ ಬಂತು. ನ್ಯಾಟಾಮೈಸಿನ್ ನಿಲ್ಲಿಸ್ಲಿಲ್ಲ, ಅದು ಪಕ್ಕದಲ್ಲೇ ನಡೀತಿತ್ತು, ಹಾಗಾಗಿ ಗೆದ್ದಿದ್ದು ಲೈಟೋ ಡ್ರಾಪ್ಸೋ ಅಂತ ಒಂದು ಕಣ್ಣಿಟ್ಕೊಂಡು ತೀರ್ಪು ಕೊಡೋಕೆ ನಂಗೆ ಮನಸ್ಸಿಲ್ಲ. ಹದಿನಾರು ದಿನ ಜಗ್ಗದ್ದು ಆಮೇಲೆ ಜಗ್ತು, ಇಷ್ಟು ನಿಜ. ಎರಡನೇ ಸಲ ಬೇಕಾಗ್ಬೋದು ಅಂದಿದ್ರು, ಬೇಕಾಗ್ಲಿಲ್ಲ. ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಒಂದು ಮಸುಕು ಕಲೆ ಉಳಿದಿದೆ, ರಾತ್ರಿ ಗಾಡಿ ಲೈಟು ಚದುರುತ್ತೆ ಅಂತಾಳೆ.

ಯಾರಿಗೆ ಹೇಳ್ತೀನಿ ಅಂದ್ರೆ, ಡ್ರಾಪ್ಸಿಗೆ ಬಗ್ಗದ, ಮೇಲ್ಮೇಲೆ ಇರೋ ಹುಣ್ಣು, ಕಲ್ಚರಲ್ಲಿ ಹೆಸರು ಗೊತ್ತಾಗಿರೋದು, ದಪ್ಪ ಅಳೆದಿರೋದು, ಅಂಥವರು ಕೇಳಿ ನೋಡಿ. ಡ್ರಾಪ್ಸ್ ಹಾಕೋ ಬೇಜಾರಿಗೆ ಶಾರ್ಟ್‌ಕಟ್ ಅಂತ ಹೋಗೋರು ಬೇಡ, ಡ್ರಾಪ್ಸ್ ಹೆಂಗೂ ತಪ್ಪಲ್ಲ.

ಆರು ತಿಂಗಳಿಗೆ ಚೆಕಪ್ಪಿಗೆ ಹೋದಾಗ ಒಳಗೋಡೆ ಸೆಲ್ ಎಣಿಸಿದ್ರು, ಹುಣ್ಣಿರುವಾಗ ಮಬ್ಬಲ್ಲಿ ಎಣಿಸೋಕೆ ಆಗಿರ್ಲಿಲ್ಲ, ಅದಕ್ಕೆ ಹೋಲಿಕೆಗೆ ಇನ್ನೊಂದು ಕಣ್ಣು. ಆ ಕಣ್ಣಿಗೆ 2610, ಈ ಕಣ್ಣಿಗೆ 2480. ನಾನು ಆ ಪೇಪರ್ ಮಡಚಿ ಬ್ಯಾಗಿಗೆ ಹಾಕ್ಕೊಂಡೆ, ಅಕ್ಕ ಕೇಳಿದ್ರೂ ಕೊಡ್ಲಿಲ್ಲ. ಆಮೇಲೆ ಕಾನ್ಫೋಕಲ್ ಮೈಕ್ರೋಸ್ಕೋಪಲ್ಲಿ ಕಲೆ ಪಕ್ಕದ ಜಾಗ ತೋರಿಸಿದ್ರು, ಕಪ್ಪು ಸ್ಕ್ರೀನಿನ ಮೇಲೆ ಕೆರಾಟೋಸೈಟ್‌ಗಳ ನ್ಯೂಕ್ಲಿಯಸ್ ಬಿಳಿ ಬಿಳಿಯಾಗಿ ಅಕ್ಕಿಕಾಳಿನ ಥರ, ಅಲ್ಲೊಂದು ಇಲ್ಲೊಂದು. ಎರಡು ತಿಂಗಳ ಹಿಂದೆ ತೆಗೆದ ಚಿತ್ರದಲ್ಲಿ ಅದೇ ಜಾಗ ಖಾಲಿ ಇತ್ತು. ನಾನು ಅಭ್ಯಾಸಬಲದಿಂದ ಬೆರಳು ಸ್ಕ್ರೀನಿಗೆ ತಾಗಿಸಿ ಎಣಿಸೋಕೆ ಶುರು ಮಾಡಿದೆ.

"ಎಷ್ಟೇ?" ಅಂದ್ಲು ಅಕ್ಕ, ಗಲ್ಲ ಮೆಶೀನಿನ ಮೇಲೆ ಇಟ್ಕೊಂಡೇ.

"ಹದಿನೇಳು. ಅಲ್ಲಾಡಬೇಡ, ಇನ್ನೂ ಇವೆ."